ಲೆದರ್ ಕೋರಲ್ ಗುರುತಿಸುವುದು ಹೇಗೆ?

ರಜೆಯಲ್ಲಿ ಅಂಡಮಾನಿಗೆ ಹೋಗಿಬಂದ ಬೆಳಗಾವಿಯ ಗೆಳೆಯರು ಫೋಟೊ ತೋರಿಸುವಾಗ ಒಂದು ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಕಂದು ಬಣ್ಣದ, ದಪ್ಪ ತೊಗಲಿನಂಥ ಜೀವಿಗೆ ಒಬ್ಬರು ‘ಸ್ಪಂಜು’ ಎನ್ನುತ್ತಾರೆ, ಇನ್ನೊಬ್ಬರು ‘ಸತ್ತ ಹವಳ’ ಎನ್ನುತ್ತಾರೆ. ಬಹಳ ಸಲ ಅದು ಸಾರ್ಕೊಫೈಟನ್, ಅಂದರೆ ಲೆದರ್ ಕೋರಲ್ ಎನ್ನುವ ಜೀವಂತ ಮೃದು ಹವಳ.

1. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ದೂರ ಸರಿಯುತ್ತದೆ. ಇಳಿತದ ಹೊತ್ತು ಕೇಳಿಕೊಂಡು ಹೋಗಿ. ಶಹೀದ್ ದ್ವೀಪದ ಕಲ್ಲುಕಮಾನಿನ ಬಳಿಯ ಹೊಂಡಗಳು ಹೊಸಬರಿಗೆ ಒಳ್ಳೆಯ ಜಾಗ. ಹವಳದ ಮೇಲೆ ಕಾಲಿಡಬೇಡಿ.

2. ಹವಳದ ಮೈಮೇಲೆ ಪುಟ್ಟ ಹೂವಿನಂತೆ ಅರಳುವ ಜೀವಿಯೇ ಪಾಲಿಪ್. ಅದರ ಬಾಯಿಯ ಸುತ್ತಲಿನ ಎಳೆ ಎಣಿಸಿ. ಮೃದು ಹವಳಕ್ಕೆ 8 ಎಳೆ, ಪ್ರತಿ ಎಳೆಗೂ ಗರಿಯಂತೆ ಪಕ್ಕದಲ್ಲಿ ಕುಚ್ಚು. ಗಟ್ಟಿ ಹವಳದಲ್ಲಿ ಸಾಮಾನ್ಯವಾಗಿ 6 ಅಥವಾ ಅದರ ಗುಣಕದಷ್ಟು ಎಳೆ. ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋದಾಗ ಬಂಡೆಗಳ ಮೇಲೆ ಗುಂಪಾಗಿ ಅಂಟಿಕೊಂಡು ಕಾಣುವ, ಹವಳದ ಬಂಧುಗಳಾದ ಝೋಆಂಥಿಡ್‌ಗಳು ಮೃದು ಹವಳವಲ್ಲ, ಅವುಗಳ ಎಳೆಗೆ ಗರಿಯಿಲ್ಲ. ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿರುತ್ತದೆ. ಮಕ್ಕಳ ಕೈ ಹಿಡಿದುಕೊಳ್ಳಿ, ಮುಟ್ಟಲು ಬಿಡಬೇಡಿ.

3. ಎಲ್ಲರೂ ಎಡವುವುದು ಇಲ್ಲಿ. ನೀರು ಇಳಿದಾಗ ಪಾಲಿಪ್‌ಗಳು ಒಳಸರಿದು ಮೇಲ್ಮೈ ಬರೀ ನುಣುಪಾಗಿ ಕಾಣುತ್ತದೆ. ಆಗ ತೀರ್ಮಾನಕ್ಕೆ ಬರಬೇಡಿ. ನೀರಿನೊಳಗೇ ಉಳಿದ ಇನ್ನೊಂದನ್ನು ಹುಡುಕಿ, ನೆರಳು ಬೀಳದಂತೆ ಕುಳಿತು ಕಾಯಿರಿ. ಪಾಲಿಪ್ ಅರಳಿದಾಗ ಎರಡು ಬಗೆ ಇವೆಯೇ ನೋಡಿ: ಕಾಂಡವಿರುವ ಉದ್ದನೆಯವು, ಅವುಗಳ ನಡುವೆ ಚುಕ್ಕಿಯಷ್ಟೇ ಇರುವ ಸಣ್ಣವು. ಸಣ್ಣವು ಇಡೀ ಸಮೂಹದೊಳಗೆ ನೀರು ಹರಿಸುತ್ತವೆ. ಎರಡೂ ಇದ್ದರೆ ಸಾರ್ಕೊಫೈಟನ್ ಇಲ್ಲವೇ ಅದರ ಬಂಧು ಲೋಬೊಫೈಟಮ್. ಒಂದೇ ಬಗೆಯಾದರೆ ಬೇರೆ ಮೃದು ಹವಳ: ಸೈನುಲೇರಿಯಾ ಇರಬಹುದು, ಕ್ಲಾಡಿಯೆಲ್ಲಾ ಇರಬಹುದು. ಕ್ಲಾಡಿಯೆಲ್ಲಾದ ಕಂದು ಪಾಲಿಪ್‌ಗಳು ಒಳಸರಿದರೆ ಮೈ ಬಿಳಿಚಿ ಕಾಣುತ್ತದೆ.

ಇನ್ನು ಆ ಮೊದಲ ಎರಡನ್ನು ಬೇರ್ಪಡಿಸುವುದು. ಸಾರ್ಕೊಫೈಟನ್‌ನ ಕಾಂಡ ಬೋಳು, ಅದರಲ್ಲಿ ಪಾಲಿಪ್ ಇರುವುದಿಲ್ಲ. ಮೇಲೆ ತಟ್ಟೆಯಂಥ ತಲೆ, ಅದರ ಅಂಚು ಕಟಕ ರೊಟ್ಟಿಯಂತೆ ಏರಿಳಿದು ಮಡಚಿರುತ್ತದೆ, ನಡುಭಾಗ ಸಪಾಟು. ಲೋಬೊಫೈಟಮ್‌ನ ತಲೆಯ ಮೇಲೆ ಬೆರಳು ಅಥವಾ ದಿಣ್ಣೆಗಳೇಳುತ್ತವೆ. ಮರಿ ಸಮೂಹದಲ್ಲಿ ಈ ವ್ಯತ್ಯಾಸ ಕಾಣದು, ಬಲಿತದ್ದನ್ನೇ ನೋಡಿ.

ಬಣ್ಣ ನಂಬಬೇಡಿ. ಆ ಕಂದು ಅದರೊಳಗೆ ವಾಸಿಸುವ ಸೂಕ್ಷ್ಮ ಪಾಚಿಯದು. ನೀರು ಬಿಸಿಯೇರಿ ಪಾಚಿ ಹೊರಬಿದ್ದರೆ ಹವಳ ಬಿಳಿಚುತ್ತದೆ. ಸಾರ್ಕೊಫೈಟನ್ ಆಗಾಗ ದಿನಗಟ್ಟಲೆ ಮುಚ್ಚಿಕೊಂಡು ಮೇಣದಂಥ ಪೊರೆ ಕಳಚುತ್ತದೆ. ಅದೂ ಸಾವಲ್ಲ.

ಫೋಟೊ ಹಾಕಿದರೆ ಹೆಸರು ಹೇಳುವ ಆ್ಯಪ್‌ಗಳು ಇಲ್ಲಿ ಸಾಲವು. ಮುಚ್ಚಿದ ಪಾಲಿಪ್ ಎಣಿಸಲು ಅವಕ್ಕೂ ಆಗದು. ಅಕ್ವೇರಿಯಂ ಅಂಗಡಿಯ ‘ಮಶ್ರೂಮ್ ಕೋರಲ್’ ಚೀಟಿಯನ್ನೂ ನಂಬಬೇಡಿ, ಒಂದಕ್ಕೊಂದು ದೂರದ ಜೀವಿಗಳಿಗೆಲ್ಲ ಅದೇ ಹೆಸರು. ಕಡಲತೀರದ ಅಗ್ಗದ ಪ್ಲಾಸ್ಟಿಕ್ ಮಾಸ್ಕ್ ಮಂಜಾಗುತ್ತದೆ; ಗಟ್ಟಿ ಗಾಜಿನದ್ದನ್ನು ಊರಿನಿಂದಲೇ ಒಯ್ಯಿರಿ.

4. ಸಾರ್ಕೊಫೈಟನ್ ಎಂದು ಕುಲದ ಹೆಸರಷ್ಟೇ ಬರೆದು ಅಲ್ಲಿಗೇ ನಿಲ್ಲಿಸಿ. ಜಾತಿಯ ಹೆಸರಿಗೆ ಅಂಗಾಂಶವನ್ನು ಬ್ಲೀಚಿನಲ್ಲಿ ಕರಗಿಸಿ, ಉಳಿಯುವ ಸುಣ್ಣದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅದು ಪ್ರಯೋಗಾಲಯದ ಕೆಲಸ, ಅದಕ್ಕಾಗಿ ನೀವು ತುಂಡು ಮುರಿಯಬೇಡಿ. ಅಂಡಮಾನಿನ ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದಿಂದ ಏನನ್ನೂ ತರುವಂತಿಲ್ಲ. ಕಾಂಡ ಕಾಣುವಂತೆ ಪಕ್ಕದಿಂದ ಒಂದು ಫೋಟೊ, ತಲೆಯ ಹತ್ತಿರದಿಂದ ಇನ್ನೊಂದು ತೆಗೆಯಿರಿ. ಅಳತೆಪಟ್ಟಿ ಪಕ್ಕದ ಮರಳಿನ ಮೇಲಿರಲಿ, ಹವಳದ ಮೇಲಲ್ಲ.