ಗೆಣಸಿನ ಮೂತಿ ಹುಳಕ್ಕೆ ಶಿಲೀಂಧ್ರ: ನನ್ನ ಅನುಭವ

ಬೆಳಗಾವಿ ಸುತ್ತಮುತ್ತ ಮುಂಗಾರಿಗೆ ಗೆಣಸು ಹಾಕುವವರಿಗೆಲ್ಲ ಮೂತಿ ಹುಳ ಗೊತ್ತೇ ಇದೆ. ನೋಡೋಕೆ ಕಟ್ಟಿರುವೆಯ ಹಾಗೆ. ನೀಲಿಗಪ್ಪು ಮೈ, ಕೆಂಪು ಕತ್ತು, ಕೆಂಪು ಕಾಲು. ಇದರ ಮರಿ ಕೊರೆದ ಗೆಡ್ಡೆ ಕಹಿಯಾಗಿ ನಾರುತ್ತದೆ, ದನವೂ ಮುಟ್ಟುವುದಿಲ್ಲ. ಮರಿ ಗೆಡ್ಡೆಯೊಳಗೇ ಬೆಳೆಯುವುದರಿಂದ ಮೇಲೆ ಎಷ್ಟು ಔಷಧಿ ಹೊಡೆದರೂ ಅದಕ್ಕೆ ತಾಗುವುದಿಲ್ಲ. ಮೊಟ್ಟೆ ಇಡಲು ಬರುವ ದೊಡ್ಡ ಹುಳವನ್ನೇ ಬುಡದಲ್ಲಿ ತಡೆಯಬೇಕು. ಹುಳಕ್ಕೆ ರೋಗ ತಂದು ಕೊಲ್ಲುವ ಬ್ಯುವೇರಿಯಾ ಬ್ಯಾಸಿಯಾನಾ ಎಂಬ ಶಿಲೀಂಧ್ರದ ಪುಡಿಯನ್ನು ನಾನು ಬಳಸಲು ಶುರು ಮಾಡಿದ್ದು ಇದಕ್ಕೇ.

ನಾಟಿಗೆ ಮೊದಲು ಲೀಟರ್ ನೀರಿಗೆ 5 ಗ್ರಾಂ ಪುಡಿ ಕಲಸಿ ಬಳ್ಳಿ ತುಂಡುಗಳನ್ನು ಅದ್ದುತ್ತೇನೆ. ಆಮೇಲೆ ನೆರಳಲ್ಲಿ ಆರಿಸಿ ನೆಡುತ್ತೇನೆ. ಮಣ್ಣಿಗೆ ಹಾಕುವುದು ಬೇರೆ. 100 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ 2 ಕಿಲೋ ಪುಡಿ ಬೆರೆಸಿ, ಒದ್ದೆ ಗೋಣಿಚೀಲ ಮುಚ್ಚಿ, ವಾರ ಹತ್ತು ದಿನ ನೆರಳಲ್ಲಿ ಇಡುತ್ತೇನೆ. ಹಸಿ ಸಗಣಿ ಬೇಡ, ಅದರ ಕಾವಿಗೆ ಶಿಲೀಂಧ್ರ ಸಾಯುತ್ತದೆ. ಮೊದಲ ಸಲ ಬೋದಿಗೆ (ಬಳ್ಳಿ ನೆಟ್ಟ ಮಣ್ಣಿನ ದಿಂಡಿಗೆ) ಮಣ್ಣು ಏರಿಸುವಾಗ ಈ ಗೊಬ್ಬರವನ್ನು ಬುಡಕ್ಕೆ ಹಾಕಿ ಮುಚ್ಚುತ್ತೇನೆ. ಸಂಜೆ ಹೊತ್ತೇ ಒಳ್ಳೆಯದು, ಬಿಸಿಲು ಇದಕ್ಕೆ ಆಗದು.

ಹುಳ ಇದನ್ನು ತಿನ್ನಬೇಕಾಗಿಲ್ಲ. ಬೀಜಕಗಳು ಮೈಗೆ ಅಂಟಿ, ತೇವ ಸಿಕ್ಕರೆ ಮೊಳೆತು, ಚರ್ಮ ಕೊರೆದು ಒಳಗೆ ಇಳಿಯುತ್ತವೆ. ಸಾಯಲು ಕೆಲವು ದಿನ ಬೇಕು. ಹಾಗಾಗಿ ಮರುದಿನ ಹೊಲಕ್ಕೆ ಹೋಗಿ ನೋಡಿದರೆ ಏನೂ ಕಾಣುವುದಿಲ್ಲ.

ನಾನು ಮಾಡುವ ಪರೀಕ್ಷೆ ಇಷ್ಟೇ. ಬಳ್ಳಿ ಬುಡದಲ್ಲಿ ಸತ್ತು ಬಿದ್ದ ಹುಳಗಳನ್ನು ಹೆಕ್ಕಿ, ಒದ್ದೆ ಹತ್ತಿ ಹಾಸಿದ ಬಾಟಲಿಯಲ್ಲಿ ಇಡುತ್ತೇನೆ. ಕೆಲವೇ ದಿನಗಳಲ್ಲಿ ಕತ್ತಿನ ಸಂದು, ಕಾಲಿನ ಗೆಣ್ಣುಗಳಿಂದ ಬಿಳಿ ಬೂಷ್ಟು ಹೊರಬಂದು, ನೀಲಿ ಮೈ ಪೂರ್ತಿ ಸುಣ್ಣ ಬಳಿದಂತೆ ಕಾಣುತ್ತದೆ. ಅದನ್ನು ಕಂಡಾಗ ಆಗುವ ಖುಷಿಯೇ ಬೇರೆ!

ಆದರೆ ಇದೊಂದನ್ನೇ ನಂಬಿ ಕೂರಬೇಡಿ. ಮೂತಿ ಹುಳಕ್ಕೆ ಮಣ್ಣು ತೋಡಿ ಆಳಕ್ಕೆ ಇಳಿಯಲು ಬರುವುದಿಲ್ಲ, ಬಿರುಕಿನಲ್ಲಿ ನುಸುಳಿ ಗೆಡ್ಡೆ ಸೇರುತ್ತದೆ. ಮಳೆ ನಿಂತು, ಗೆಡ್ಡೆ ದಪ್ಪ ಆಗುವಾಗ ಬೋದು ಬಿರಿಯುತ್ತದೆ. ಆಗ ಇನ್ನೊಮ್ಮೆ ಮಣ್ಣು ಏರಿಸಲೇಬೇಕು. ತೇವ ಉಳಿದರೆ ಶಿಲೀಂಧ್ರಕ್ಕೂ ಜೀವ. ಕೊರೆದ ಗೆಡ್ಡೆ ನನ್ನ ಹೊಲದಲ್ಲಿ ಈಗಲೂ ಸಿಗುತ್ತವೆ, ಮೊದಲಿನಷ್ಟಲ್ಲ.

ರಾಮನಗರ, ಕೋಲಾರದ ಕಡೆಯವರಿಗೆ ಒಂದು ಮಾತು. ರೇಷ್ಮೆ ಹುಳಕ್ಕೆ ಸುಣ್ಣಕಟ್ಟು ರೋಗ ತರುವುದೂ ಇದೇ ಶಿಲೀಂಧ್ರ. ಪಕ್ಕದಲ್ಲಿ ಹಿಪ್ಪುನೇರಳೆ ತೋಟವೋ ಹುಳು ಸಾಕುವ ಮನೆಯೋ ಇದ್ದರೆ ದಯವಿಟ್ಟು ಇದನ್ನು ಬಳಸಬೇಡಿ.