ಅಪಘಾತ ಪರಿಹಾರ ಕಡಿಮೆ ಬಂತಾ? ಮುಂಬೈ, ಪುಣೆ, ಗೋವಾದ ಕನ್ನಡಿಗರಿಗೆ ಅಪೀಲಿನ ದಾರಿ

ರಸ್ತೆ ಅಪಘಾತದ ಕೇಸಿನಲ್ಲಿ ಟ್ರಿಬ್ಯೂನಲ್ (ಅಪಘಾತ ಪರಿಹಾರ ತೀರ್ಮಾನಿಸುವ ಕೋರ್ಟು) ಬರೆದ ಮೊತ್ತವೇ ಕೊನೆ ಅಂತ ನಮ್ಮವರಲ್ಲಿ ಎಷ್ಟೋ ಜನ ಸುಮ್ಮನಾಗುತ್ತಾರೆ. ಹಾಗೇನಿಲ್ಲ. ಮೋಟಾರು ವಾಹನ ಕಾಯ್ದೆಯ 173ನೇ ಕಲಂ ಪ್ರಕಾರ ತೀರ್ಪಾದ 90 ದಿನದೊಳಗೆ ಹೈಕೋರ್ಟಿಗೆ ಅಪೀಲು ಹಾಕಬಹುದು. ತಕರಾರಿನ ಮೊತ್ತ 1 ಲಕ್ಷಕ್ಕಿಂತ ಕಡಿಮೆ ಇದ್ದರೆ ಮಾತ್ರ ಈಗ ಅಪೀಲಿಲ್ಲ. ತಡವಾದರೆ ತಕ್ಕ ಕಾರಣ ಕೊಟ್ಟು ಕೇಳಿಕೊಳ್ಳಬಹುದು. ಅದನ್ನೇ ನಂಬಿ ಕೂರಬೇಡಿ.

ಯಾವ ಹೈಕೋರ್ಟು? ಟ್ರಿಬ್ಯೂನಲ್ ಎಲ್ಲಿತ್ತೋ ಅದರ ಮೇಲಿನದು. ಪುಣೆಯ ಕೇಸು ಮುಂಬೈಗೆ ಹೋಗುತ್ತದೆ, ಮಡಗಾಂವ್‌ನದು ಪರ್ವರಿಯ ಗೋವಾ ಪೀಠಕ್ಕೆ. ಅಪಘಾತ ಪುಣೆಯಲ್ಲೇ ಆಗಿದ್ದರೂ ನೀವು ಉಡುಪಿಯಲ್ಲಿ ವಾಸ ಇರುವವರಾಗಿ ಅಲ್ಲೇ ಕ್ಲೇಮ್ ಹಾಕಿದ್ದರೆ, ಅಪೀಲು ಬೆಂಗಳೂರಿಗೆ.

ಅಪೀಲಿಗೆ ಮೊದಲು ತೀರ್ಪಿನ ಪ್ರತಿ ತರಿಸಿ ಲೆಕ್ಕ ಓದಿ. ಕೊನೆಯ ಅಂಕಿಯಲ್ಲ, ಅಲ್ಲಿಗೆ ಬಂದ ದಾರಿ ನೋಡಬೇಕು. ಮುಂಬೈನ ಮಾಟುಂಗಾದ ಹೋಟೆಲಿನಲ್ಲಿ ದೋಸೆ ಹುಯ್ಯುವ 30 ವರ್ಷದ ಹುಡುಗ ಅಂತಿಟ್ಟುಕೊಳ್ಳಿ. ತಿಂಗಳ ಸಂಬಳ 18,000. ವರ್ಷಕ್ಕೆ 2,16,000. ಸುಪ್ರೀಂ ಕೋರ್ಟಿನ 2017ರ ಪ್ರಣಯ್ ಸೇಠಿ ತೀರ್ಪಿನಂತೆ, 40 ವರ್ಷದೊಳಗಿನ ಇಂಥವರಿಗೆ ಮುಂದಿನ ದುಡಿಮೆಗೆಂದು 40% ಸೇರಿಸಿದರೆ 3,02,400. 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ ಆ ವಯಸ್ಸಿನ ಗುಣಕ, ಅಂದರೆ ವರ್ಷದ ದುಡಿಮೆಯನ್ನು ಗುಣಿಸುವ ಅಂಕಿ, 17. ಇಲ್ಲಿವರೆಗೆ ಜಗಳ ಕಡಿಮೆ. ಅಸಲಿ ಜಗಳ ಊನದ ಶೇಕಡಾದಲ್ಲಿ.

ಅಪಘಾತದಿಂದ ಆ ಹುಡುಗನ ಬಲಗೈ ಮಣಿಕಟ್ಟು ಮಡಚದು. ಇಡೀ ದೇಹಕ್ಕೆ 15% ಊನ ಅಂತ ಡಾಕ್ಟರು ಬರೆದಿದ್ದಾರೆ. ಅದನ್ನೇ ಹಿಡಿದರೆ ದುಡಿಮೆಯ ನಷ್ಟ 3,02,400 × 17ರ 15%, ಅಂದರೆ 7,71,120. ಆದರೆ ಆ ಕೈಯಿಲ್ಲದೆ ಕಾವಲಿ ಮುಂದೆ ನಿಲ್ಲೋದು ಹೇಗೆ? ದೇಹದ ಊನ ಬೇರೆ, ಕಸುಬಿಗೆ ಬಿದ್ದ ಪೆಟ್ಟು ಬೇರೆ ಅಂತ ಸುಪ್ರೀಂ ಕೋರ್ಟ್ 2010ರ ರಾಜ್‌ಕುಮಾರ್ ಕೇಸಿನಲ್ಲಿ ಹೇಳಿದೆ. ದುಡಿಮೆಯ ನಷ್ಟ 40% ಅಂತ ಹೈಕೋರ್ಟ್ ಒಪ್ಪಿದರೆ ಅದೇ ಲೆಕ್ಕ 20,56,320 ಆಗುತ್ತದೆ. ಇದಕ್ಕೆ ಆಧಾರ ಟ್ರಿಬ್ಯೂನಲ್ಲಿನ ಸಾಕ್ಷ್ಯದಲ್ಲೇ ಇರಬೇಕು: ಅವನು ಏನು ಕೆಲಸ ಮಾಡುತ್ತಿದ್ದ, ಯಾವ ಕೈಯಿಂದ, ಎಷ್ಟು ಸಂಬಳ. ಹೊಸ ಪುರಾವೆಯನ್ನು ಅಪೀಲಿನಲ್ಲಿ ಅಷ್ಟು ಸುಲಭವಾಗಿ ತೆಗೆದುಕೊಳ್ಳುವುದಿಲ್ಲ. ನಮ್ಮ ಹೋಟೆಲುಗಳಲ್ಲಿ ಸಂಬಳ ಕೈಗೇ ಕೊಡೋದು ಜಾಸ್ತಿ, ಅಲ್ವಾ? ಹಾಗಿದ್ದರೆ ಮಾಲೀಕರು ಬಂದು ಸಾಕ್ಷಿ ಹೇಳಿದರೆ ಒಳ್ಳೆಯದು. ಊರಿನ ಕನ್ನಡ ಕಾಗದಪತ್ರಗಳಿಗೆ ಅನುವಾದವನ್ನೂ ಮೊದಲೇ ಮಾಡಿಸಿಡಿ.

1 ಲಕ್ಷದ ಮಿತಿ ದಾಟಿದರೂ ಸಣ್ಣಪುಟ್ಟ ವ್ಯತ್ಯಾಸಕ್ಕೆ ಹೈಕೋರ್ಟ್ ಕೈ ಹಾಕುವುದು ಅಪರೂಪ. ಗುಣಕ ತಪ್ಪಿದ್ದರೆ, ಮುಂದಿನ ದುಡಿಮೆಯ ಭಾಗ ಬಿಟ್ಟಿದ್ದರೆ, ಮುಂದಿನ ಆಪರೇಷನ್ ಖರ್ಚು ಕೈಬಿಟ್ಟಿದ್ದರೆ ಹೋಗಿ.

ಇನ್ಶೂರೆನ್ಸ್ ಕಂಪನಿಯೇ ಅಪೀಲು ಹಾಕಿದರೆ ಜನ ಹೆಚ್ಚಾಗಿ ಎಡವುತ್ತಾರೆ. ನೀವೇನೂ ಹಾಕದಿದ್ದರೆ ಇರೋದನ್ನು ಉಳಿಸಿಕೊಳ್ಳಲು ಮಾತ್ರ ವಾದಿಸಬಹುದು. ಹೆಚ್ಚು ಬೇಕೆಂದರೆ ನೋಟಿಸ್ ತಲುಪಿದ ಒಂದು ತಿಂಗಳಲ್ಲಿ ಪ್ರತಿ ಆಕ್ಷೇಪ (ಅದೇ ಅಪೀಲಿನಲ್ಲಿ ನಿಮ್ಮ ಕಡೆಯ ತಕರಾರು) ಹಾಕಿ. ಅದಿಲ್ಲದೆಯೂ ಮೊತ್ತ ಏರಿಸಿದ ತೀರ್ಪುಗಳಿವೆ, ಆದರೆ ಅದು ಅದೃಷ್ಟದ ಮಾತು. ರೂಮು ಬದಲಿಸಿದರೆ ವಕೀಲರಿಗೆ ಹೊಸ ವಿಳಾಸ ಕೊಡಿ, ನೋಟಿಸ್ ಹಳೆಯ ಖೋಲಿಗೇ ಹೋಗುತ್ತದೆ.

ಕಂಪನಿ ಹಣವನ್ನು ಕೋರ್ಟಿನಲ್ಲಿ ಕಟ್ಟಿದ್ದರೆ ಅಪೀಲು ಮುಗಿಯುವವರೆಗೆ ಕಾಯಬೇಕಿಲ್ಲ. ಒಂದು ಭಾಗ ತೆಗೆಯಲು ಅನುಮತಿ ಕೇಳಿ ಅರ್ಜಿ ಹಾಕಬಹುದು.