ರಕೂನ್ ತೊಗಲು ಮಾರಾಟಕ್ಕೆ ರೆಡಿ ಮಾಡುವುದು ಹೇಗೆ?

ಅಮೆರಿಕದ ಮಿಡ್‌ವೆಸ್ಟ್ ಕಡೆ ಇರುವ ಕನ್ನಡದವರಿಗೆ ರಕೂನ್ ಪರಿಚಯ ಮಾಡಿಸಬೇಕಿಲ್ಲ. ರಾತ್ರಿ ಕಸದ ಡಬ್ಬಿ ಉರುಳಿಸಿ, ಎಲ್ಲಾ ಹರಡಿ, ಬೆಳಿಗ್ಗೆ ಗುಡಿಸುವ ಕೆಲಸ ನಮಗೆ ಬಿಟ್ಟು ಹೋಗುತ್ತದಲ್ಲ, ಕಣ್ಣಿನ ಸುತ್ತ ಕಪ್ಪು ಪಟ್ಟಿ, ಬಾಲದ ತುಂಬಾ ಬಳೆ ಬಳೆ ಗುರುತು, ಅದೇ. ಅಲ್ಲಿನ ಹಳ್ಳಿಗಳಲ್ಲಿ ಚಳಿಗಾಲ ಬಂತೆಂದರೆ ಲೈಸೆನ್ಸ್ ತೆಗೆದುಕೊಂಡು ಇದನ್ನು ಹಿಡಿದು ತೊಗಲು ಮಾರುವವರು ಈಗಲೂ ಇದ್ದಾರೆ. 1920ರ ದಶಕದಲ್ಲಿ ಅಲ್ಲಿನ ಕಾಲೇಜು ಹುಡುಗರಿಗೆ ಉದ್ದನೆಯ ರಕೂನ್ ಕೋಟಿನ ಹುಚ್ಚು ಹಿಡಿದಿತ್ತು. 1950ರ ದಶಕದ ಮಧ್ಯದಲ್ಲಿ ಹಿಂದೆ ಬಾಲ ಜೋತಾಡುವ ರಕೂನ್ ಟೋಪಿಗೆ ಮಕ್ಕಳು ಮುಗಿಬಿದ್ದಿದ್ದರು. 1970ರ ದಶಕದ ಕೊನೆಗೆ ತೊಗಲಿನ ಬೆಲೆ ಆಕಾಶಕ್ಕೇರಿತ್ತು. ಈಗ ಆ ಕಾಲ ಇಲ್ಲ. ರಷ್ಯಾ, ಚೀನಾದವರು ಕೊಳ್ಳುವುದು ಕಡಿಮೆ ಮಾಡಿದ ಮೇಲೆ ಬೆಲೆ ನೆಲ ಕಚ್ಚಿದೆ.

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಶ್ರೀಮಂತರಾಗೋದು ಕನಸಿನ ಮಾತು. ಬೆಲೆ ಚೆನ್ನಾಗಿದ್ದಾಗ ಅರೆಬರೆ ಕೆಲಸದ ತೊಗಲೂ ಹೇಗೋ ಮಾರಿ ಹೋಗುತ್ತಿತ್ತು. ಈಗ ಕೊಬ್ಬು ಉಳಿದ, ತೂತು ಬಿದ್ದ, ಸೊಟ್ಟಗೆ ಒಣಗಿದ ತೊಗಲನ್ನು ಯಾರೂ ಮೂಸಿ ನೋಡುವುದಿಲ್ಲ. ರಕೂನ್ ವಿಷಯದಲ್ಲಿ ಹಣ ಬರುವುದೂ ಹೋಗುವುದೂ ಒಂದೇ ಕಡೆ, ಕೊಬ್ಬು ಹೆರೆಯುವ ಮರದ ದಿಮ್ಮಿಯ ಮೇಲೆ.

ಊರಲ್ಲಿ ಕೂತು ಓದುವವರು ಸುಮ್ನೆ ತಿಳಿದುಕೊಳ್ಳಲು ಓದಿ. ನಮ್ಮ ಕಾಡಿನಲ್ಲಿ ರಕೂನ್ ಇಲ್ಲ. ಇರುವ ಕಾಡುಪ್ರಾಣಿಗಳ ಮೇಲೆ ಈ ವಿದ್ಯೆ ತೋರಿಸಲು ಹೋದರೆ 1972ರ ವನ್ಯಜೀವಿ ಕಾಯ್ದೆ ಸುಮ್ಮನೆ ಬಿಡುವುದಿಲ್ಲ. ಅಮೆರಿಕ, ಕೆನಡಾದಲ್ಲೂ ಸೀಸನ್, ಲೈಸೆನ್ಸ್, ಬಲೆಯ ನಿಯಮ ಎಲ್ಲಾ ಒಂದೊಂದು ರಾಜ್ಯಕ್ಕೆ ಒಂದೊಂದು ಥರ. ಅದನ್ನು ನಿಮ್ಮ ರಾಜ್ಯದ ವನ್ಯಜೀವಿ ಇಲಾಖೆಯಲ್ಲೇ ಕೇಳಿಕೊಳ್ಳಿ.

ಕೈಗೆ ಗ್ಲೌಸ್, ಆಮೇಲೆ ಉಳಿದದ್ದು

ರಕೂನ್ ಕರುಳಿನಲ್ಲಿ ಬೇಲಿಸ್ಯಾಸ್ಕರಿಸ್ ಎಂಬ ದುಂಡುಹುಳ ಇರುತ್ತದೆ. ಅದರ ಮೊಟ್ಟೆ ಹಿಕ್ಕೆಯಲ್ಲಿ ಬರುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ, ಬ್ಲೀಚ್ ಹಾಕಿದರೂ ಸಾಯುವುದಿಲ್ಲ, ಕುದಿಯುವ ನೀರಿನಂಥ ಜೋರು ಬಿಸಿಗೆ ಮಾತ್ರ ಸಾಯುತ್ತದೆ. ಮನುಷ್ಯರ ಹೊಟ್ಟೆಗೆ ಹೋದರೆ ಮರಿಹುಳ ಮೆದುಳಿನ ತನಕ ಹೋಗಬಹುದು. ಜೊತೆಗೆ ರೇಬೀಸ್, ಇಲಿಜ್ವರ ಬೇರೆ. ರಬ್ಬರ್ ಗ್ಲೌಸ್ ಹಾಕಿ. ಉದ್ದನೆಯ ರಬ್ಬರ್ ಏಪ್ರನ್ ಕಟ್ಟಿ. ಕೆಲಸ ಮಾಡುತ್ತಾ ಏನೂ ತಿನ್ನಬೇಡಿ. ಮಕ್ಕಳನ್ನೂ ನಾಯಿಯನ್ನೂ ಆ ಶೆಡ್ಡಿನ ಹತ್ತಿರ ಬಿಡಬೇಡಿ. ಮಂಕಾಗಿ ಹಗಲಲ್ಲೇ ತೂರಾಡುತ್ತಿದ್ದ ಪ್ರಾಣಿಯಾದರೆ ಅದರ ತೊಗಲಿನ ಆಸೆಯನ್ನೇ ಬಿಡಿ.

ಸುಲಿಯುವ ಮೊದಲು

ತೊಗಲು ಯಾವಾಗ ಹದಕ್ಕೆ ಬಂದಿದೆ ಎಂದು ಒಳಮೈ ನೋಡಿದರೆ ಗೊತ್ತಾಗುತ್ತದೆ. ಉತ್ತರದ ರಾಜ್ಯಗಳಲ್ಲಿ ನವೆಂಬರ್ ಕೊನೆಯ ಹೊತ್ತಿಗೆ ತುಪ್ಪಳ ತುಂಬಿ ಒಳಮೈ ಕೆನೆಬಣ್ಣಕ್ಕೆ ತಿರುಗುತ್ತದೆ. ಅದಕ್ಕೂ ಮೊದಲು ಹಿಡಿದರೆ ಒಳಮೈ ನೀಲಿಯಾಗಿರುತ್ತದೆ, ಕೂದಲು ಇನ್ನೂ ಬೆಳೆಯುತ್ತಿರುತ್ತದೆ, ಬೆಲೆ ಬರುವುದಿಲ್ಲ. ತೊಂದರೆ ಏನೆಂದರೆ ತುಪ್ಪಳ ಚೆನ್ನಾಗಿರುವ ಆ ಹೊತ್ತಿಗೇ ರಕೂನ್ ಮೈಯಲ್ಲಿ ಕೊಬ್ಬು ಜಾಸ್ತಿ. ಚಳಿಗಾಲದಲ್ಲಿ ತಿನ್ನಲು ಸಿಗುವುದಿಲ್ಲ ಎಂದು ಮೊದಲೇ ಮೈಯಲ್ಲಿ ತುಂಬಿಕೊಂಡಿರುತ್ತದೆ. ಉತ್ತರದ ರಕೂನ್ ಚಳಿಗಾಲ ಮುಗಿಯುವಷ್ಟರಲ್ಲಿ ಅರ್ಧದಷ್ಟು ತೂಕ ಕಳೆದುಕೊಳ್ಳಬಹುದು, ಅಷ್ಟು ಕೊಬ್ಬು ಅದು.

ಸತ್ತ ಪ್ರಾಣಿಯನ್ನು ಬಿಸಿ ಇದ್ದ ಹಾಗೇ ಒಂದರ ಮೇಲೊಂದು ರಾಶಿ ಹಾಕಬೇಡಿ. ಹೊಟ್ಟೆಯ ಕಡೆಯಿಂದ ಕೊಳೆಯಲು ಶುರುವಾಗಿ ಕೂದಲು ಕಿತ್ತು ಬರುತ್ತದೆ. ತೂಗುಹಾಕಿ, ಆರಲು ಬಿಡಿ. ಒದ್ದೆ ಇದ್ದರೆ ಫ್ಯಾನ್ ಕೆಳಗೆ ಒಣಗಿಸಿ. ಆಮೇಲೆ ಲೋಹದ ಬಾಚಣಿಗೆ ತೆಗೆದುಕೊಂಡು ಮೈಪೂರ್ತಿ ಬಾಚಿ, ಇದನ್ನು ಮಾತ್ರ ಬಿಡಲೇಬೇಡಿ. ತುಪ್ಪಳದಲ್ಲಿ ಒಂದು ಮುಳ್ಳುಕಾಯಿ, ಒಂದು ಒಣಗಿದ ಮಣ್ಣಿನ ಉಂಡೆ ಉಳಿದರೂ ಆಮೇಲೆ ಚಾಕು ಆ ಉಬ್ಬಿನ ಮೇಲೆ ಹೋದಾಗ ಅಲ್ಲೇ ತೂತು. ರಕ್ತ ಅಂಟಿದ್ದರೆ ತಣ್ಣೀರಲ್ಲಿ ತೊಳೆಯಿರಿ.

ಸುಲಿಯುವುದು ಬೇಗ ಹೇಳಿ ಮುಗಿಸುತ್ತೇನೆ. ರಕೂನ್ ತೊಗಲನ್ನು ಹೊಟ್ಟೆ ಸೀಳಿ ತೆಗೆಯುವುದಿಲ್ಲ, ದಿಂಬಿನ ಕವರ್ ತಿರುವಿ ತೆಗೆದ ಹಾಗೆ ತೆಗೆಯುತ್ತಾರೆ. ಹಿಂಗಾಲಿನ ಒಂದು ಹಿಮ್ಮಡಿಯಿಂದ ಇನ್ನೊಂದು ಹಿಮ್ಮಡಿಗೆ, ಹೊಟ್ಟೆಯ ಕೂದಲೂ ಬೆನ್ನಿನ ಕೂದಲೂ ಸೇರುವ ಗೆರೆ ಹಿಡಿದು ಒಂದೇ ಗೀರು. ಬಾಲದ ಮೂಳೆ ಎಳೆದು ತೆಗೆದು ಬಾಲವನ್ನು ತುದಿಯ ತನಕ ಸೀಳಿ. ತುದಿಯಲ್ಲಿ ಒಂದು ಇಂಚು ಸೀಳದೆ ಬಿಟ್ಟರೂ ಅಲ್ಲಿ ಕೊಳೆತು ಕೂದಲು ಉದುರುತ್ತದೆ. ಕಿವಿಯನ್ನು ತಲೆಬುರುಡೆಗೆ ತಾಗಿಸಿ ಕತ್ತರಿಸಿ, ಕಣ್ಣು ತುಟಿಗಳ ಹತ್ತಿರ ಆತುರ ಬೇಡ.

ಹೆರೆಯುವುದು: ಅಸಲಿ ಕೆಲಸ

ಇದಕ್ಕೆ ಬೇಕಾದದ್ದು ಎರಡು. ಒಂದು, ಫ್ಲೆಶಿಂಗ್ ಬೀಮ್. ಅಂದರೆ ಮೇಲ್ಮೈ ಗುಂಡಗೆ, ನುಣ್ಣಗೆ ಇರುವ, ತುದಿ ಸಣ್ಣಗಾಗುತ್ತಾ ಬರುವ ಮರದ ಅಥವಾ ಫೈಬರ್‌ಗ್ಲಾಸಿನ ದಿಮ್ಮಿ, ತುದಿ ನಿಮ್ಮ ಸೊಂಟದ ಎತ್ತರಕ್ಕೆ ಬರಬೇಕು. ಇನ್ನೊಂದು, ಎರಡು ಕಡೆ ಹಿಡಿ ಇರುವ ಉದ್ದನೆಯ ಚಾಕು. ಅದರ ಒಂದು ಬಾಯಿ ಹರಿತ, ಇನ್ನೊಂದು ಮೊಂಡು. ಅಡುಗೆಮನೆ ಚಾಕುವಿನಲ್ಲಿ ಮಾಡುತ್ತೇನೆ ಎಂದು ಹೊರಡಬೇಡಿ, ಒಂದು ತೊಗಲಿಗೆ ಅರ್ಧ ದಿನ ಹೋಗುತ್ತದೆ, ತೊಗಲೂ ಹೋಗುತ್ತದೆ.

ತೊಗಲು ತಣ್ಣಗಿರಲಿ. ಬಿಸಿ ಕೊಬ್ಬು ಎಣ್ಣೆಯಾಗಿ ಎಲ್ಲಾ ಕಡೆ ಹರಡುತ್ತದೆ, ಚಾಕು ಜಾರುತ್ತದೆ. ತಣ್ಣಗಾಗಿ ಗಟ್ಟಿಯಾದ ಕೊಬ್ಬು ಪದರ ಪದರವಾಗಿ ಎದ್ದು ಬರುತ್ತದೆ. ಅದಕ್ಕೇ ಎಷ್ಟೋ ಜನ ಸುಲಿದ ತೊಗಲನ್ನು ಒಂದು ರಾತ್ರಿ ಚಳಿಯಲ್ಲಿ ಇಟ್ಟು ಮಾರನೇ ದಿನ ಕೈ ಹಾಕುತ್ತಾರೆ.

ತುಪ್ಪಳ ಒಳಗೆ, ಚರ್ಮ ಹೊರಗೆ ಬರುವ ಹಾಗೆ ತೊಗಲನ್ನು ಬೀಮಿಗೆ ಏರಿಸಿ, ಮೂತಿ ತುದಿಯಲ್ಲಿ ಬರಲಿ. ಮೂತಿಯ ಭಾಗವನ್ನು ನಿಮ್ಮ ಹೊಟ್ಟೆಗೂ ಬೀಮಿಗೂ ಮಧ್ಯೆ ಒತ್ತಿ ಹಿಡಿದರೆ ತೊಗಲು ಜಾರುವುದಿಲ್ಲ. ಕೆಳಗೆ ಒಂದು ಸುಕ್ಕೂ ಇರಬಾರದು, ಸುಕ್ಕಿದ್ದ ಕಡೆ ಚಾಕು ಸೀದಾ ಆಚೆ ಬರುತ್ತದೆ. ಚಾಕು ಹೋಗುವ ದಿಕ್ಕು ಯಾವಾಗಲೂ ತಲೆಯಿಂದ ಬಾಲದ ಕಡೆಗೆ.

ಶುರು ಮಾಡುವುದು ಕಿವಿಯ ಹಿಂದಿನಿಂದ, ಕತ್ತಿನ ಬೆನ್ನಿನ ಕಡೆ. ರಕೂನ್ ಕೆಲಸದಲ್ಲಿ ಕಷ್ಟ ಅಂತ ಇರುವುದು ಇಲ್ಲೇ. ಕತ್ತಿನಿಂದ ಭುಜದ ತನಕ ಬಿಳಿ ರಬ್ಬರಿನಂಥ ಗಟ್ಟಿ ಪೊರೆ ಇರುತ್ತದೆ, ಚರ್ಮಕ್ಕೆ ಕಚ್ಚಿಕೊಂಡಿರುತ್ತದೆ. ಹೊಸಬರು ಇದನ್ನೇ ಚರ್ಮ ಅಂದುಕೊಂಡು ಹಾಗೇ ಬಿಡುತ್ತಾರೆ, ಅದರ ಕೆಳಗಿನ ಕೊಬ್ಬು ಹಾಗೇ ಉಳಿಯುತ್ತದೆ. ಚಾಕುವಿನ ಹರಿತ ಬಾಯಿಯನ್ನು ಹೆಚ್ಚುಕಮ್ಮಿ ಮಲಗಿಸಿ ಹಿಡಿದು, ಸಣ್ಣ ಸಣ್ಣ ಎಳೆತದಲ್ಲಿ ಪೊರೆಯನ್ನು ಕೊಯ್ಯುತ್ತಾ ನಿಜವಾದ ಚರ್ಮ ಕಾಣುವ ತನಕ ಹೋಗಿ. ಅದು ಕಂಡರೆ ಗೊತ್ತಾಗುತ್ತದೆ, ನುಣ್ಣಗೆ, ಬೆಳ್ಳಗೆ ಸ್ವಲ್ಪ ಮಿಂಚುತ್ತದೆ. ಅಲ್ಲಿಂದ ಅಂಗೈ ಅಗಲದ ದಾರಿ ಮಾಡಿಕೊಂಡು ಭುಜ ದಾಟಿದಿರೋ, ಚಾಕು ತಿರುಗಿಸಿ. ಈಗ ಮೊಂಡು ಬಾಯಿಯನ್ನು ಸ್ವಲ್ಪ ನಿಲ್ಲಿಸಿ ಹಿಡಿದು, ಮೈಭಾರ ಹಾಕಿ ಉದ್ದಕ್ಕೆ ತಳ್ಳಿ. ಕೊಬ್ಬು ಸುರುಳಿ ಸುತ್ತಿಕೊಂಡು ಸೊಂಟದ ತನಕ ಒಂದೇ ಸಮ ಎದ್ದು ಬರುತ್ತದೆ. ಕೈ ಕುದುರಿದ ಮೇಲೆ ಈ ಕೆಲಸದಲ್ಲಿ ಒಂದು ಖುಷಿ ಇದೆ, ಸುಳ್ಳು ಹೇಳುವುದಿಲ್ಲ. ಒಂದು ಪಟ್ಟಿ ಮುಗಿದ ಮೇಲೆ ತೊಗಲನ್ನು ಸ್ವಲ್ಪ ತಿರುಗಿಸಿ, ಪಕ್ಕದ ಪಟ್ಟಿ.

ಬೆನ್ನಿನ ಮೇಲೆ ಬಲ ಹಾಕಬಹುದು, ಹೊಟ್ಟೆಯ ಮೇಲೆ ಬೇಡ. ಅಲ್ಲಿ ಚರ್ಮ ತೆಳು. ಕಂಕುಳಲ್ಲಿ ಮಾಂಸ ಉಳಿದುಬಿಡುತ್ತದೆ, ಬೆರಳು ಹಾಕಿ ನೋಡಿ. ಹೆಣ್ಣಾದರೆ ಮೊಲೆತೊಟ್ಟಿನ ಹತ್ತಿರ ಚಾಕುವನ್ನು ಎತ್ತಿಕೊಂಡು ಹೋಗಿ, ಇಲ್ಲದಿದ್ದರೆ ತೊಟ್ಟಿನ ಜೊತೆ ಚರ್ಮವೂ ಹಾರಿ ಸಾಲಾಗಿ ತೂತು ಬೀಳುತ್ತದೆ. ಕೆನ್ನೆಯ ಮಾಂಸ, ಕಿವಿಯ ಬುಡ, ಬಾಲದ ಒಳಗಿನ ಜಿಡ್ಡು ಕೊನೆಗೆ.

ಎಲ್ಲಿ ನಿಲ್ಲಿಸಬೇಕು? ಚರ್ಮದಲ್ಲಿ ಸಣ್ಣ ಕಪ್ಪು ಚುಕ್ಕಿಗಳು ಕಾಣಿಸಿಕೊಂಡರೆ ನೀವಾಗಲೇ ಮಿತಿ ದಾಟಿದ್ದೀರಿ. ಅದು ಕೂದಲಿನ ಬೇರು. ಬೇರು ಕತ್ತರಿಸಿದ ಮೇಲೆ ಹದ ಮಾಡುವ ಕಾರ್ಖಾನೆಯಲ್ಲಿ ಆ ಜಾಗದ ಕೂದಲು ಉದುರಿ ಬೋಳಾಗುತ್ತದೆ. ಕೊಬ್ಬು ಪೂರ್ತಿ ಹೋಗಬೇಕು, ಚರ್ಮ ಪೂರ್ತಿ ಉಳಿಯಬೇಕು, ಅಷ್ಟೇ.

ಸಣ್ಣ ತೂತು ಬಿದ್ದರೆ ಈಗಲೇ, ಚರ್ಮ ಹಸಿ ಇರುವಾಗಲೇ, ಒಳಮೈ ಕಡೆಯಿಂದ ಒತ್ತೊತ್ತಾಗಿ ಹೊಲಿದುಬಿಡಿ. ಮೇಣ ಹಾಕಿದ ಡೆಂಟಲ್ ಫ್ಲಾಸ್ ಇದಕ್ಕೆ ಬಹಳ ಚೆನ್ನಾಗಿ ಆಗುತ್ತದೆ. ಎಳೆದು ಒಣಗಿಸಿದರೆ ಅದೇ ತೂತು ರೂಪಾಯಿಯಷ್ಟಿದ್ದದ್ದು ಚಪಾತಿ ಆಗಿರುತ್ತದೆ.

ಕೊನೆಗೆ ಹಳೆ ಬಟ್ಟೆಯಲ್ಲಿ ಚರ್ಮ ಒರೆಸಿ. ಜಿಡ್ಡು ಹೋಗದಿದ್ದರೆ ಚರ್ಮದ ಮೇಲೆ ಸಣ್ಣ ಮರದ ಹೊಟ್ಟು ಹಾಕಿ ಉಜ್ಜಿ. ಪಾತ್ರೆ ತೊಳೆಯುವ ಸೋಪು, ತಣ್ಣೀರು ಹಾಕಿ ತೊಗಲನ್ನೇ ತೊಳೆಯುವವರೂ ಇದ್ದಾರೆ, ತುಪ್ಪಳ ಚೆನ್ನಾಗಿ ಅರಳುತ್ತದೆ, ಆದರೆ ತೊಳೆದ ಮೇಲೆ ತುಪ್ಪಳವನ್ನು ಮೊದಲು ಒಣಗಿಸಿಕೊಳ್ಳಬೇಕು.

ಉಪ್ಪು ಹಾಕಲ್ವಾ?

ನಮ್ಮ ಕಡೆಯವರ ಮೊದಲ ಪ್ರಶ್ನೆ ಇದೇ. ಊರಲ್ಲಿ ಕುರಿ, ಮೇಕೆ ಚರ್ಮಕ್ಕೆ ಕೂಡಲೇ ಉಪ್ಪು ಬಳಿದು ಮಡಚಿಡುವುದು ನೋಡಿ ಅಭ್ಯಾಸ. ಇಲ್ಲಿ ಹಾಕುವುದಿಲ್ಲ. ತುಪ್ಪಳದ ಹರಾಜಿಗೆ ಹೋಗುವ ರಕೂನ್ ಬರೀ ಗಾಳಿಯಲ್ಲಿ ಒಣಗಿರಬೇಕು. ಉಪ್ಪು ಗಾಳಿಯ ತೇವ ಎಳೆದುಕೊಂಡು ಚರ್ಮವನ್ನು ಮತ್ತೆ ಮೆತ್ತಗೆ ಮಾಡುತ್ತದೆ, ಕೊಳ್ಳುವವರಿಗೆ ಅದು ಬೇಡ. ಮನೆಯಲ್ಲೇ ಹದ ಮಾಡಿಕೊಳ್ಳುವವರಿಗೆ ಮಾತ್ರ ಉಪ್ಪಿನ ದಾರಿ.

ಎಳೆದು ಕಟ್ಟುವುದು

ತೊಗಲನ್ನು ಎಳೆದು ಕಟ್ಟಿ ಒಣಗಿಸುವ ಚೌಕಟ್ಟಿಗೆ ಸ್ಟ್ರೆಚರ್ ಎನ್ನುತ್ತಾರೆ. ಅದು ಎರಡು ಥರ, ಮರದ ಹಲಗೆ ಮತ್ತು ತಂತಿಯದು. ತಂತಿಯದು ಬೇಗ, ಮರದ್ದು ಅಂದ. ಅಳತೆಗೆ ಸರಿಯಾದ ಹಲಗೆಯನ್ನೇ ತೆಗೆದುಕೊಳ್ಳಿ, ಏಕೆಂದರೆ ಹರಾಜಿನಲ್ಲಿ ಸೈಜ್ ನೋಡುವುದು ಮೂತಿಯಿಂದ ಬಾಲದ ಬುಡದ ತನಕದ ಉದ್ದದ ಮೇಲೆ, ಅಗಲ ಆಯಾ ಸೈಜಿಗೆ ಗೊತ್ತುಮಾಡಿದಷ್ಟೇ ಇರಬೇಕು.

ಚರ್ಮ ಹೊರಗೆ ಇರುವ ಹಾಗೆಯೇ ಹಲಗೆಗೆ ಏರಿಸಿ. ನರಿ, ಕಾಯೋಟಿ (ಅಲ್ಲಿನ ಸಣ್ಣ ತೋಳದಂಥ ಪ್ರಾಣಿ) ತೊಗಲನ್ನು ಆಮೇಲೆ ತಿರುವಿ ತುಪ್ಪಳ ಹೊರಗೆ ಮಾಡುತ್ತಾರೆ, ರಕೂನಿಗೆ ಅದಿಲ್ಲ. ಕಣ್ಣು, ಕಿವಿ, ಬೆನ್ನು ಒಂದು ಕಡೆ ನೇರಕ್ಕೆ ಬರಲಿ, ಹೊಟ್ಟೆ ಇನ್ನೊಂದು ಕಡೆ. ಬೆನ್ನಿನ ಗೆರೆ ಸೊಟ್ಟ ಆದರೆ ಬಿಚ್ಚಿ ಮತ್ತೆ ಹಾಕಿ. ಬಾಲದ ಬುಡ ಹಿಡಿದು ಬಿಗಿಯಾಗುವಷ್ಟು ಎಳೆದು ಎರಡು ಪಕ್ಕಕ್ಕೆ ಮೊಳೆ ಅಥವಾ ಪುಶ್‌ಪಿನ್ ಹೊಡೆಯಿರಿ. ಜಾಸ್ತಿ ಎಳೆದರೆ ಒಂದು ಸೈಜ್ ಮೇಲಕ್ಕೆ ಹೋಗುತ್ತದೆ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಎಳೆದಷ್ಟೂ ತುಪ್ಪಳ ತೆಳ್ಳಗೆ ಕಾಣುತ್ತದೆ, ಹರಾಜಿನಲ್ಲಿ ದರ್ಜೆ ನಿರ್ಧರಿಸುವ, ದಿನಕ್ಕೆ ಸಾವಿರಾರು ತೊಗಲು ಮುಟ್ಟುವ ಗ್ರೇಡರ್ ಬೆರಳಿಗೆ ಅದು ತಕ್ಷಣ ಸಿಕ್ಕಿಬೀಳುತ್ತದೆ.

ಬಾಲವನ್ನು ಬಿಡಿಸಿ ಅಗಲಕ್ಕೆ ಪಿನ್ ಮಾಡಿ. ಹಿಂಗಾಲುಗಳನ್ನು ಚಪ್ಪಟೆಯಾಗಿ ಪಿನ್ ಮಾಡಿ, ಹೊಟ್ಟೆಯ ಕೆಳಭಾಗದಲ್ಲಿ ಎರಡು ಕಾಲುಗಳ ಮಧ್ಯೆ ಉಳಿಯುವ ಬೇಡದ ಚರ್ಮವನ್ನು ಕಿಟಕಿಯ ಹಾಗೆ ಕತ್ತರಿಸಿ ತೆಗೆದರೆ ಒಳಗೆ ಗಾಳಿ ಆಡುತ್ತದೆ. ಮುಂಗಾಲಿನ ತೋಳು ಎರಡು ಮೂರು ಇಂಚು ಉಳಿದರೆ ಸಾಕು. ಮರದ ಹಲಗೆಯಾದರೆ ಹೊಟ್ಟೆಯ ಕಡೆ ಚರ್ಮಕ್ಕೂ ಹಲಗೆಗೂ ಮಧ್ಯೆ ಒಂದು ಉದ್ದನೆಯ ತೆಳು ಪಟ್ಟಿ ತೂರಿಸುವುದನ್ನು ಮರೆಯಬೇಡಿ. ಒಣಗಿದ ಮೇಲೆ ಆ ಪಟ್ಟಿ ಎಳೆದರೆ ತೊಗಲು ಸಡಿಲವಾಗಿ ಕಳಚುತ್ತದೆ, ಇಲ್ಲದಿದ್ದರೆ ಹಲಗೆಯ ಜೊತೆ ಕುಸ್ತಿ.

ಒಣಗಿಸುವುದು

ಬಿಸಿ ಬೇಡ. ಒಲೆಯ ಹತ್ತಿರ, ಹೀಟರ್ ಮುಂದೆ, ಬಿಸಿಲಲ್ಲಿ, ಎಲ್ಲೂ ಬೇಡ. ಸುಮಾರು 10ರಿಂದ 18 ಡಿಗ್ರಿ ಸೆಲ್ಸಿಯಸ್ ಇರುವ, ಗಾಳಿಯಾಡುವ ಕೋಣೆ ಸಾಕು. ಫ್ಯಾನ್ ಹಾಕಿದರೂ ಸೀದಾ ತೊಗಲಿನ ಮೇಲೆ ಹೊಡೆಯಬಾರದು. ತೀರಾ ತೇವ ಇದ್ದರೆ ಬೂಷ್ಟು ಬರುತ್ತದೆ, ತೀರಾ ಬಿಸಿ ಇದ್ದರೆ ಮೇಲ್ಪದರ ಒಣಗಿ ಒಳಗೆ ಹಸಿ ಉಳಿಯುತ್ತದೆ.

ಉಳಿದ ಕೊಬ್ಬು ಬಿಸಿಗೆ ಚರ್ಮದೊಳಗೆ ಇಳಿದರೆ ಆ ಜಾಗ ಹಳದಿಯಾಗಿ, ಆಮೇಲೆ ಕಂದಾಗಿ, ಸುಟ್ಟ ಹಾಗಾಗುತ್ತದೆ. ಗ್ರೀಸ್ ಬರ್ನ್ ಎನ್ನುವುದು ಇದಕ್ಕೇ. ನೋಡಲು ಗಟ್ಟಿಯೇ ಇರುತ್ತದೆ, ಆದರೆ ಕಾರ್ಖಾನೆಯಲ್ಲಿ ನೆನೆಸಿದ ಕೂಡಲೇ ಹರಿದು ಬರುತ್ತದೆ. ಹಾಗಾಗಿ ಮೊದಲ ಎರಡು ದಿನ ಬೆಳಿಗ್ಗೆ ಸಂಜೆ ಹೋಗಿ ನೋಡಿ. ಚರ್ಮದ ಮೇಲೆ ಎಣ್ಣೆಯ ಹನಿ ಕೂತಿರುತ್ತದೆ, ಒರೆಸಿ. ಮೂರು ದಿನದಿಂದ ಒಂದು ವಾರದೊಳಗೆ ಸಾಮಾನ್ಯವಾಗಿ ಒಣಗುತ್ತದೆ. ಬೆನ್ನು ಮುಟ್ಟಿ ನಿರ್ಧಾರ ಮಾಡಬೇಡಿ, ಬೆನ್ನು ಮೊದಲೇ ಒಣಗಿರುತ್ತದೆ. ಕಿವಿ, ತುಟಿ, ಕಂಕುಳು, ಬಾಲದ ಬುಡ ಮುಟ್ಟಿ ನೋಡಿ.

ಇಡುವುದು, ಮಾರುವುದು

ಇಳಿಸಿದ ತೊಗಲನ್ನು ಕಣ್ಣಿನ ತೂತಿಗೆ ದಾರ ಪೋಣಿಸಿ ತಂಪು ಜಾಗದಲ್ಲಿ ತೂಗುಹಾಕಿ. ಪ್ಲಾಸ್ಟಿಕ್ ಚೀಲ ಬೇಡ, ಬೆವರುತ್ತದೆ. ಮಡಚಲೂ ಬೇಡ, ಮಡಚಿದ ಕಡೆ ಬಿರುಕು. ಇಲಿಗೂ ತೊಗಲು ತಿನ್ನುವ ಹುಳಕ್ಕೂ ಇದು ಹಬ್ಬದೂಟ, ಆಗಾಗ ಕೊಡವಿ ನೋಡುತ್ತಿರಿ.

ಇಷ್ಟೆಲ್ಲಾ ಮಾಡಲು ಪುರುಸೊತ್ತಿಲ್ಲದವರು ಹಸಿ ತೊಗಲನ್ನೇ, ಅಥವಾ ಇಡೀ ಪ್ರಾಣಿಯನ್ನೇ ಊರಿನ ತುಪ್ಪಳ ವ್ಯಾಪಾರಿಗೆ ಕೊಟ್ಟುಬಿಡುತ್ತಾರೆ. ಬೆಲೆ ಕಡಿಮೆ, ತಲೆನೋವೂ ಕಡಿಮೆ. ಈಗಿನ ಮಾರುಕಟ್ಟೆಯಲ್ಲಿ ಅದು ದಡ್ಡತನ ಏನಲ್ಲ. ದಕ್ಷಿಣದ ರಾಜ್ಯಗಳ ತೆಳು ತುಪ್ಪಳಕ್ಕಂತೂ ನಾನು ಅದನ್ನೇ ಹೇಳುತ್ತೇನೆ. ಬೆಲೆ ಕೇಳುವ ಹಕ್ಕಿರುವುದು ಉತ್ತರದ ದೊಡ್ಡ, ದಟ್ಟ, ಗಾಢ ಬಣ್ಣದ ತೊಗಲಿಗೆ, ಅದನ್ನು ಮಾತ್ರ ಹರಾಜಿಗೆ ಕಳಿಸಿ. ದೊಡ್ಡ ಹರಾಜು ಸಂಸ್ಥೆಗಳಲ್ಲಿ ಒಂದಾಗಿದ್ದ ನಾರ್ತ್ ಅಮೆರಿಕನ್ ಫರ್ ಆಕ್ಷನ್ಸ್ 2019ರಲ್ಲಿ ಸಾಲದ ಸುಳಿಗೆ ಸಿಕ್ಕಿ ನಿಂತುಹೋಯಿತು. ಕೆನಡಾದ ಒಂಟಾರಿಯೊ ಪ್ರಾಂತ್ಯದ ನಾರ್ತ್ ಬೇ ಊರಿನಲ್ಲಿ ಫರ್ ಹಾರ್ವೆಸ್ಟರ್ಸ್ ಆಕ್ಷನ್ ಇದೆ, ಅಲ್ಲಿಗೆ ತೊಗಲು ಕಳಿಸಲು ಏಜೆಂಟರ ಮೂಲಕ ಹೋಗುವುದು ಸುಲಭ. ಅಮೆರಿಕದಿಂದ ಗಡಿ ದಾಟಿಸುವುದಾದರೆ ಅಲ್ಲಿನ ಕೇಂದ್ರ ಸರ್ಕಾರದ ವನ್ಯಜೀವಿ ಇಲಾಖೆಯ ಡಿಕ್ಲರೇಷನ್ ಬೇಕು, ಆ ಕಾಗದಪತ್ರ ಯಾರು ಮಾಡುತ್ತಾರೆ, ಕಮಿಷನ್ ಎಷ್ಟು, ಮಾರಾಟವಾಗದೆ ಉಳಿದ ತೊಗಲು ಏನಾಗುತ್ತದೆ, ಈ ಮೂರನ್ನೂ ತೊಗಲು ಕೈಬಿಡುವ ಮೊದಲೇ ಏಜೆಂಟ್ ಹತ್ತಿರ ಕೇಳಿ ಬರೆಸಿಕೊಳ್ಳಿ.